ನೀಲವ್ವ ಹೂಂ ಅನ್ನಲಿಲ್ಲ

—ಅಥವಾ ಅದು ಬೆಳಗಿನ ಹೊತ್ತೇ ಇದ್ದೀತು. ಕಿಟಕಿಯ ಬಿಸಿಲು ಅವಳ ಮಂಚದ ಮೇಲೆ ಬಿದ್ದಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಆ ವಾರ್ಡಿನ ಕಿಟಕಿಗಳ ಎದುರಿಗೇ ಎತ್ತರದ ಗೋಡೆಯಿತ್ತು, ಅಲ್ಲಿಗೆ ಬಿಸಿಲು ಬರುತ್ತಲೇ ಇರಲಿಲ್ಲ. ಬಿಸಿಲನ್ನು ಆಮೇಲೆ ನಾನೇ ತಂದು ಹಾಕಿರಬೇಕು. ಚರ್ಚಿನ ಸಭೆಯಲ್ಲಿ ಹೇಳುವ ಕತೆಗೆ ಬೆಳಕು ಬೇಕಾಗಿತ್ತಲ್ಲ. ಅದಕ್ಕೇ ನನ್ನ ನೆನಪನ್ನು ನಂಬಬೇಡಿ. ಒಂದನ್ನು ಮಾತ್ರ ನಂಬಿ: ನೀಲವ್ವ ಹೂಂ ಅನ್ನಲಿಲ್ಲ. ಅಂದಳು ಎಂದು ಸುಳ್ಳು ಹೇಳಿದವಳು ನಾನು.

ಹಿಂದಿನ ಮಹಾಯುದ್ಧ ಮುಗಿಯುತ್ತ ಬಂದಾಗ ಪುಣೆಗೆ ಆ ಇನ್‌ಫ್ಲುಯೆಂಜಾ ಜ್ವರ ಬಂತು. ನಾನು ಇಲ್ಲಿಯ ಮಿಶನ್ ಆಸ್ಪತ್ರೆಯಲ್ಲಿ ನರ್ಸು, ಧಾರವಾಡದ ಕಡೆಯ ಕ್ರೈಸ್ತ ಮನೆಯವಳು. ವಾರ್ಡಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ನೀಲವ್ವ ಬೈಲಹೊಂಗಲದ ಲಿಂಗಾಯತ ಹೆಂಗಸು. ಅವಳ ಗಂಡನಿಗೆ ರವಿವಾರ ಪೇಠೆಯಲ್ಲಿ ಕಾಳಿನ ಅಂಗಡಿ. ಅವನು ಅದೇ ಜ್ವರದಲ್ಲಿ ಹೋದ ಮೇಲೆ ನೆರೆಯವರು ಇವಳನ್ನು ಟಾಂಗಾದಲ್ಲಿ ಮಲಗಿಸಿ ತಂದು ನಮ್ಮಲ್ಲಿ ಬಿಟ್ಟು ಹೋದರು. ಊರಲ್ಲಿದ್ದ ತಮ್ಮನಿಗೆ ತಾರು ಹೋಗಿತ್ತು, ಉತ್ತರ ಬಂದಿರಲಿಲ್ಲ.

ಗಂಜಿ ತೆಳ್ಳಗಾದರೆ, "ಇದೇನ ತಂಗಿ, ಕೈ ತೊಳದ ನೀರೇನ?" ಅನ್ನುವಳು. ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುವಳು.

ಅವಳು ಉಳಿಯುವುದಿಲ್ಲ ಎಂದು ಗೊತ್ತಾದ ದಿನ ಪಾದ್ರಿಸಾಹೇಬರು ನೀರಿನ ಬಟ್ಟಲು ಹಿಡಿದು ಬಂದರು. ಅವರಿಗೆ ಮರಾಠಿ ಬರುತ್ತಿತ್ತು, ಅವಳಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ, ನಡುವೆ ನಾನು. ಯೇಸುಸ್ವಾಮಿ ನಿನ್ನನ್ನು ಪ್ರೀತಿಸಿ ಪ್ರಾಣ ಕೊಟ್ಟನು, ನಿನ್ನ ಪಾಪಗಳಿಗೆ ಪಶ್ಚಾತ್ತಾಪಪಟ್ಟು ಅವನನ್ನು ಒಪ್ಪಿಕೊಳ್ಳುತ್ತೀಯಾ — ಇದು ಅವರ ಪ್ರಶ್ನೆ. ಒಂದಕ್ಷರ ಬಿಡದೆ ಕನ್ನಡದಲ್ಲಿ ಕೇಳಿದೆ. ಅಲ್ಲಿಯವರೆಗೆ ನಾನು ಪ್ರಾಮಾಣಿಕಳೇ.

ಅವಳು ನನ್ನನ್ನೇ ನೋಡಿ ಹೇಳಿದಳು: "ಅಷ್ಟ ಪ್ರೀತಿ ಐತಿ ಅಂತೀರಿ. ಹಂಗಾರ ನಾ ಹೆಂಗದೇನಿ ಹಂಗ ಪ್ರೀತಿ ಮಾಡಾಕ ಅವಗೇನ ಬ್ಯಾನಿ?" ಉಸಿರು ತೆಗೆದುಕೊಂಡಳು. "ಮಾಡ್ಲಿ ಬಿಡ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನೀರ ಬ್ಯಾಡ. ನನ್ನ ಲಿಂಗಾ ಮುಟ್ಟಬ್ಯಾಡ ಅನ್ನು ಆ ಸಾಹೇಬಗ."

"ಕಾಯ್ ಮ್ಹಣತೇ?" — ಏನನ್ನುತ್ತಾಳೆ, ಎಂದರು ಸಾಹೇಬರು.

"ಹೋ ಮ್ಹಣತೇ," ಅಂದೆ. ಹೌದನ್ನುತ್ತಾಳೆ.

ನೀರು ಬಿತ್ತು. ಮಾರ್ಥಾ ಎಂದು ಹೆಸರಿಟ್ಟರು. ಒರೆಸಿಕೊಳ್ಳಲು ಅವಳ ಕೈಯಲ್ಲಿ ಶಕ್ತಿಯಿರಲಿಲ್ಲ. ಹಣೆಯ ನೀರು ಕಿವಿಯೊಳಕ್ಕೆ ಇಳಿಯಿತು. ಕಣ್ಣು ನನ್ನ ಮೇಲೇ ಇತ್ತು. ಮಾರನೆಯ ದಿನ ಹೋದಳು.

ಯಾಕೆ ಹಾಗೆ ಹೇಳಿದೆ? ವಾರಸುದಾರರಿಲ್ಲದ ಹೆಣಗಳನ್ನು ಗಾಡಿಯಲ್ಲಿ ಒಂದರ ಮೇಲೊಂದು ಒಟ್ಟಿ ಒಯ್ಯುತ್ತಿದ್ದರು. ದೀಕ್ಷಾಸ್ನಾನವಾದವರಿಗೆ ಒಂದು ಪೆಟ್ಟಿಗೆ, ಒಂದು ತುಂಡು ನೆಲ. ಕನಿಕರ ಎನ್ನಬಹುದು. ಆದರೆ ಸಾಹೇಬರು ನನ್ನ ತಲೆಯ ಮೇಲೆ ಕೈಯಿಟ್ಟು "ನಿನ್ನಿಂದ ಒಂದು ಆತ್ಮ ಉಳಿಯಿತು" ಎಂದಾಗ ಮೈಯೆಲ್ಲ ಹಿಗ್ಗಿತ್ತು. ಅದು ಕನಿಕರದ ಹಿಗ್ಗಲ್ಲ. ಯಾವುದು ಎಷ್ಟಿತ್ತು ಎಂದು ಈಗ ಬೇರ್ಪಡಿಸಲು ಹೋದರೆ ನನಗೆ ಅನುಕೂಲವಾಗುವ ಹಾಗೆಯೇ ಬೇರ್ಪಡಿಸುತ್ತೇನೆ. ಬೇಡ.

ಮಣ್ಣು ಮಾಡಿದ ಮರುದಿನ ತಮ್ಮ ಬಂದ. ದೂಳು ಮೆತ್ತಿದ ರುಮಾಲು, ಅಕ್ಕನಿಗೆಂದು ತಂದ ರೊಟ್ಟಿಯ ಗಂಟು.

"ನಮ್ಮಕ್ಕ ಖರೇನ ಹೂಂ ಅಂದ್ಲೇನ್ರಿ, ಬಾಯಾರ? ಸೀರಿ ಬಣ್ಣ ಸೇರಲಿಲ್ಲಂತ ಮದಿವಿ ಹಂದರದಾಗ ಎದ್ದು ನಿಂತಾಕಿರಿ ಅಕಿ. ಅಂಥಾಕಿ ಹೂಂ ಅಂದ್ಲಾ?" ನಗಲು ನೋಡಿದ, ಆಗಲಿಲ್ಲ. "ಅಂದಿಲ್ಲಂದ್ರ ಹೇಳ್ರಿ, ಸಾಹೇಬರ ಕಾಲ ಹಿಡದು ತಗಸಿ ಒಯ್ತೇನಿ, ನಮ್ಮ ಜಂಗಮರ ಕೈಲೆ ಮಣ್ಣ ಮಾಡಸ್ತೇನಿ. ಅಂದಿದ್ರ... ಅಕಿ ಮಾತ ಮೀರಂಗಿಲ್ಲ."

ಸಾಹೇಬರು ಅಲ್ಲಿರಲಿಲ್ಲ. ಹೆಣದ ಗಾಡಿಯ ಹೆದರಿಕೆಯೂ ಇರಲಿಲ್ಲ. ನಿಜ ಹೇಳಿದ್ದರೆ ಹೆಚ್ಚೆಂದರೆ ನನ್ನ ಕೆಲಸ ಹೋಗುತ್ತಿತ್ತು.

"ಅಂದ್ರು," ಅಂದೆ.

"ಲಿಂಗ?"

"ಗೊತ್ತಿಲ್ರಿ."

ಅವನು ರೊಟ್ಟಿಯ ಗಂಟನ್ನು ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಹೋದ.

ಪರಲೋಕದ ತಂದೆಯ ಪ್ರೀತಿಗೆ ಷರತ್ತಿಲ್ಲ ಎಂದು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವಳು ನಾನು. ಅದನ್ನು ನಂಬಿದ್ದರೆ ಸುಳ್ಳು ಏಕೆ ಬೇಕಾಯಿತು? ನನ್ನ ಎರಡು ಶಬ್ದದ ಸಹಾಯವಿಲ್ಲದೆ ಆತನ ಕೈ ಆ ಮಂಚದವರೆಗೆ ಮುಟ್ಟುವುದಿಲ್ಲ ಎಂದು ತಿಳಿದಿದ್ದೆನಲ್ಲ! ಆ ಕೋಣೆಯಲ್ಲಿ ಆತನ ಪ್ರೀತಿಯನ್ನು ಇದ್ದ ಹಾಗೆ ನಂಬಿದವಳು ನೀಲವ್ವ ಒಬ್ಬಳೇ — ಇಲ್ಲ, ಇದೂ ಅವಳನ್ನು ನಮ್ಮವಳನ್ನಾಗಿ ಮಾಡಿಕೊಳ್ಳುವ ಇನ್ನೊಂದು ಉಪಾಯ. ಈ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವಳು ನಮ್ಮವಳಲ್ಲ. ಅವಳು ಬೇಡ ಅಂದಿದ್ದಳು.

ನಮ್ಮ ಕನ್ನಡ ಚರ್ಚಿನ ಈಗಿನ ಅಯ್ಯನವರು ಕಳೆದ ಭಾನುವಾರವೂ ಅವಳ ಕತೆ ಹೇಳಿದರು. ಕೊನೆಯ ಗಳಿಗೆಯಲ್ಲಿ ಹೌದು ಎಂದದ್ದಕ್ಕೆ ತಂದೆ ಅವಳನ್ನು ಅಪ್ಪಿಕೊಂಡನಂತೆ. ಆರಾಧನೆ ಮುಗಿದ ಮೇಲೆ ಹೋಗಿ ನಿಜ ಹೇಳಿದೆ, ಅವಳ ಗೋರಿಯ ಶಿಲುಬೆಯ ಮೇಲಿನ ಮಾರ್ಥಾ ಎಂಬ ಹೆಸರು ತೆಗೆಸಿ ಎಂದೆ. ಅವರು, "ಇರಲಿ ಬಿಡ್ರಿ ಬಾಯಾರ. ಆ ಸಾಕ್ಷಿಯಿಂದ ಎಷ್ಟೋ ಮಂದಿಗೆ ಬಲ ಬಂದದ. ದೇವರು ನಿಮ್ಮನ್ನ ಕ್ಷಮಿಸ್ಯಾನ," ಅಂದರು.

ಕ್ಷಮಿಸಿದ್ದಾನೆ, ನನಗೆ ಗೊತ್ತು. ಕೇಳುವ ಮೊದಲೇ ಕ್ಷಮಿಸಿರುತ್ತಾನೆ, ಆತ ಅಂಥವನು. ಹಾಗಾದರೆ ನಿಜ ಹೇಳಿ ನಾನು ಕಳೆದುಕೊಳ್ಳುವುದಾದರೂ ಏನು? ಬರುವ ಭಾನುವಾರ ಎದ್ದು ನಿಂತು ಹೇಳುತ್ತೇನೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ನನ್ನನ್ನು ಹೊರಗಿಡುತ್ತಾರಾದರೆ ಇಡಲಿ; ಆ ಮೇಜು ಅವರದಲ್ಲ. ಬೈಲಹೊಂಗಲಕ್ಕೂ ಹೋಗುತ್ತೇನೆ. ತಮ್ಮ ಬದುಕಿದ್ದರೆ ಅವನಿಗೆ, ಇಲ್ಲದಿದ್ದರೆ ಆ ಮನೆಯಲ್ಲಿ ಬಾಗಿಲು ತೆಗೆದವರಿಗೆ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಅವಳು ಅಂದದ್ದನ್ನು ಅಂದ ಹಾಗೆ ಒಪ್ಪಿಸಿ ಬರುತ್ತೇನೆ.

ಆದರೆ ಅವರೂ ಲಿಂಗದ ಮಾತು ಕೇಳುತ್ತಾರೆ. ಪೆಟ್ಟಿಗೆ ಮುಚ್ಚುವ ಮೊದಲು ನಾನೇ ಅದನ್ನು ಅವಳ ಎಡಗೈಯಲ್ಲಿಟ್ಟೆ, ಸೆಟೆದ ಬೆರಳುಗಳನ್ನು ಒಂದೊಂದಾಗಿ ಮಡಿಸಿದೆ ಎಂದು ನೆನಪಿದೆ. ತಣ್ಣನೆಯ ಬೆರಳು, ಉಗುರಿನಲ್ಲಿ ಅರಿಸಿನ, ಎಲ್ಲ ಸ್ಪಷ್ಟ. ಆದರೆ ಆ ನೆನಪಿನಲ್ಲೂ ಕಿಟಕಿಯಿಂದ ಬಿಸಿಲು ಬೀಳುತ್ತಿದೆ.

ಲಿಂಗ ಅವಳ ಕೈಯಲ್ಲಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.