ಮೂರು ಕಾಲಿನ ಕುದುರೆ

ಲೀಲ್ಯಾಂಡ್ ಆರ್ಕಟ್ ವಿನ್ನೆಮಕ್ಕ ಎಂಬ ಮರುಭೂಮಿಯ ಊರಿನಲ್ಲಿ ನಲವತ್ತು ವರ್ಷ ನಲ್ಲಿ ರಿಪೇರಿ ಮಾಡಿದವನು. ಜೂಜಿನ ಮೇಜಿಗೆ ಒಂದು ದಿನವೂ ಕೂತವನಲ್ಲ. ಆದರೆ ಬಾಗಿಲು ಮುಚ್ಚಿದ ಕ್ಯಾಸಿನೊಗಳಲ್ಲಿ ಹಣದ ಬದಲು ಪಣಕ್ಕಿಡುತ್ತಿದ್ದ ಬಿಲ್ಲೆಗಳೆಂದರೆ ಪ್ರಾಣ. ಯಾವುದೋ ಹಳೆಯ ಹೋಟೆಲಿನ ಸಿಂಕಿನಡಿ ಮಲಗಿ ಪೈಪು ಬಿಚ್ಚುವಾಗ ಒಂದು ಬಿಲ್ಲೆ ಎದೆಯ ಮೇಲೆ ಬಿದ್ದಿತ್ತು. ಅಂದು ಹತ್ತಿದ ಹುಚ್ಚು ಇಳಿಯಲೇ ಇಲ್ಲ. ಜನರ ಅಟ್ಟ, ಗ್ಯಾರೇಜು, ಸತ್ತವರ ಕೋಟಿನ ಜೇಬು, ಯಾವುದನ್ನೂ ಬಿಡುತ್ತಿರಲಿಲ್ಲ. “ನಾನು ಸತ್ರೂ ಮೊದಲು ನನ್ನ ಜೇಬೇ ತಡಕ್ತೀಯ” ಎನ್ನುತ್ತಿದ್ದಳು ಹೆಂಡತಿ ವೆಲ್ಡಾ.

ಆ ಸೀಮೆಯಲ್ಲಿ ಅವನಿಗೆ ದಕ್ಕದೆ ಉಳಿದದ್ದು ಪೋನಿ ವೆಲ್ಸ್ ಕ್ಲಬ್ಬಿನ ಬಿಲ್ಲೆ. ಎರಡೇ ವರ್ಷ ನಡೆದು 1961ರಲ್ಲಿ ಮುಚ್ಚಿದ ಕ್ಲಬ್ಬು ಅದು. ಬಿಲ್ಲೆಯನ್ನು ಕಣ್ಣಾರೆ ಕಂಡ ಸಂಗ್ರಾಹಕರೇ ಇರಲಿಲ್ಲ.

ಒಂದು ಬುಧವಾರ ಹಿರಿಯರ ಕೇಂದ್ರದಲ್ಲಿ ಸಿಂಕು ಕಟ್ಟಿಕೊಂಡಿತೆಂದು ಕರೆ ಬಂತು. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಹಾಲಿಗೆ ಬಂದರೆ ಬಿಂಗೊ ಆಟ ನಡೆದಿತ್ತು. ಕೂಗಿದ ಅಂಕಿಯ ಮೇಲೆ ಎಲ್ಲರೂ ಪ್ಲಾಸ್ಟಿಕ್ ಗುಂಡಿ ಇಡುತ್ತಿದ್ದರೆ, ಗ್ರಾಸಿಯಾನಾ ಉಗಾಲ್ದೆ ಎಂಬ ಮುದುಕಿ ಕಾಫಿ ಡಬ್ಬಿಯಿಂದ ಕಂದು ಬಿಲ್ಲೆ ತೆಗೆದಿಡುತ್ತಿದ್ದಳು. ಬಿಲ್ಲೆಯ ಮೇಲೆ ಓಡುವ ಕುದುರೆ. ಕೆಳಗೆ ಕ್ಲಬ್ಬಿನ ಹೆಸರು.

ಲೀಲ್ಯಾಂಡ್ ಹೋಗಿ ಅವಳ ಮೇಜಿಗೆ ಬಗ್ಗಿ ನಿಂತ.

“ಬೆಳಕಿಗೆ ಅಡ್ಡ ನಿಂತಿದ್ದೀಯ, ಆಚೆ ಸರಿಯಪ್ಪ.”

“ಇದು ಎಲ್ಲಿ ಸಿಕ್ತು ನಿಮಗೆ?”

“ಡಬ್ಬೀಲಿ.”

“ಡಬ್ಬಿಗೆ ಹೇಗೆ ಬಂತು?”

“ಬಾಯಿ ಮುಚ್ಕೊಂಡು ಕೂತ್ರೆ ಆಮೇಲೆ ಹೇಳ್ತೀನಿ. ನಂಗಿನ್ನೊಂದೇ ಅಂಕಿ ಬೇಕು.”

ಆ ಅಂಕಿ ಬರಲಿಲ್ಲ. ತಪ್ಪನ್ನು ಅವನ ತಲೆಗೇ ಕಟ್ಟಿ, ಅವನ ಕೈಯಲ್ಲೇ ಕಾಫಿ ತರಿಸಿಕೊಂಡು ಅವಳು ಕಥೆ ಹೇಳಿದಳು. ಕಡಲಾಚೆಯಿಂದ ವಲಸೆ ಬಂದ ಬಾಸ್ಕ್ ಜನದ ಕುರಿಗಾಹಿಯೊಬ್ಬನ ಮಗಳು; ಹತ್ತೊಂಬತ್ತರ ವಯಸ್ಸಿನಲ್ಲಿ ಆ ಕ್ಲಬ್ಬಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಬಿಡುವಿನಲ್ಲಿ ಒಂದು ಚೀಟಿಯ ಮೇಲೆ ಕುದುರೆ ಬಿಡಿಸಿದಳು. ಯಜಮಾನ ಅದನ್ನೇ ಬಿಲ್ಲೆಗೆ ಅಚ್ಚು ಹಾಕಿಸಿದ. ಕ್ಲಬ್ಬು ಮುಚ್ಚಿದಾಗ ಬಿಲ್ಲೆಗಳೆಲ್ಲ ಕಸದ ಗುಂಡಿಗೆ ಹೊರಟಿದ್ದವು.

“ನನ್ನ ಕುದುರೆ ಅಲ್ವಾ, ಎಸೆಯೋಕೆ ಮನಸ್ಸು ಬರಲಿಲ್ಲ. ಒಂದು ಡಬ್ಬಿ ತುಂಬ್ಕೊಂಡೆ.”

ಲೀಲ್ಯಾಂಡ್ ಜೇಬಿನಿಂದ ಭೂತಗನ್ನಡಿ ತೆಗೆದ. “ಇದಕ್ಕೆ ಮೂರೇ ಕಾಲು.”

“ನಾಲ್ಕನೇದು ಬಿಡಿಸೋಷ್ಟರಲ್ಲಿ ಅಡುಗೆಯವನು ಕರೆದ. ವಾಪಸ್ ಬಂದ್ರೆ ಚೀಟಿ ಇಲ್ಲ. ಇಷ್ಟು ವರ್ಷದಲ್ಲಿ ಕಾಲು ಎಣಿಸಿದವನು ನೀನೊಬ್ಬನೇ ನೋಡು.”

ಹತ್ತು ಡಾಲರ್ ಕೊಟ್ಟು ಡಬ್ಬಿಯನ್ನೇ ಎತ್ತಿಕೊಂಡು ಹೋಗಬಹುದಿತ್ತು. ಆ ಆಸೆ ಒಂದು ಗಳಿಗೆ ಬಂದದ್ದೂ ನಿಜ. ಆದರೆ ಅವನು ಒಂದೊಂದು ಬಿಲ್ಲೆಗೂ ಸಂಗ್ರಾಹಕರು ಎಷ್ಟು ಕೊಟ್ಟಾರೆಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ.

“ಅಷ್ಟಾ?” ಮುದುಕಿ ಡಬ್ಬಿ ಹತ್ತಿರಕ್ಕೆಳೆದುಕೊಂಡಳು. ಆಮೇಲೆ ಒಂದನ್ನು ಆರಿಸಿ ಅವನ ಅಂಗೈಗಿಟ್ಟಳು. “ಇದು ನಿಂಗೆ, ಸುಮ್ನೆ. ಉಳಿದದ್ದನ್ನ ಮಾರೋ ಕಡೆ ನೀನೇ ಕರ್ಕೊಂಡು ಹೋಗು.”

ಜೂನ್‌ನಲ್ಲಿ ರೀನೊದ ಸಂಗ್ರಾಹಕರ ಕೂಟಕ್ಕೆ ಇಬ್ಬರೂ ಅವನ ಪಿಕಪ್‌ನಲ್ಲಿ ಹೋದರು. ಅವಳ ಮುಂದೆ ಸಾಲು ನಿಂತಿತು. ಮೂರು ಕಾಲೇಕೆ ಎಂದು ಕೇಳಿದವರಿಗೆಲ್ಲ ಬೇರೆಬೇರೆ ಕಾರಣ ಹೇಳುತ್ತ ಮಧ್ಯಾಹ್ನದೊಳಗೆ ಮೂವತ್ತು ಬಿಲ್ಲೆ ಮಾರಿದಳು. ಮಿಕ್ಕದ್ದಕ್ಕೆ ಎಷ್ಟು ಕೇಳಿದರೂ ಜಗ್ಗಲಿಲ್ಲ.

“ಬುಧವಾರ ಬಿಂಗೊಗೆ ಏನಿಟ್ಟು ಆಡ್ಲಿ?” ಎಂದಳು.

ವಾಪಸಾಗುವಾಗ ದಾರಿಯ ಲವ್ಲಾಕ್‌ನಲ್ಲಿ ಗಾಡಿ ನಿಲ್ಲಿಸಲು ಹೇಳಿ, ಅವನಿಗೂ ತನಗೂ ಒಂದೊಂದು ಚೆರ್ರಿ ಹಣ್ಣಿನ ಪೈ ಕೊಡಿಸಿದಳು.