ಗುಡಿಗೆ ಹಾಕಿಕೊಂಡು ಹೋದ ಕಾಲುಚೀಲ

ನಾನು ಚಿಕ್ಕವಳಿದ್ದಾಗ, ಡಾಕ್ಟರನ್ನು ಬಿಟ್ಟರೆ, ನನ್ನ ಪಾದಗಳನ್ನು ಬೆಳಕಿನಲ್ಲಿ ನೋಡಿದವರು ಇಬ್ಬರೇ. ಒಬ್ಬರು ಅಪ್ಪ, ಇನ್ನೊಬ್ಬಳು ಅಕ್ಕ. ಎರಡು ಪಾದಗಳ ಮೇಲೂ, ಹೆಬ್ಬೆರಳಿನಿಂದ ಕಾಲ್ಗೆಜ್ಜೆ ಕೂರುವ ಜಾಗದವರೆಗೆ, ಚರ್ಮದ ಬಣ್ಣ ಹೋಗಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಅದಕ್ಕೆ ತೊನ್ನು ಎನ್ನುತ್ತಾರೆ. ನೋಯುವುದಿಲ್ಲ, ತುರಿಸುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಡಾಕ್ಟರು ಇದನ್ನು ಬಿಡಿಸಿ ಹೇಳಿದ್ದರು. ಅಪ್ಪನಿಗೆ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಇಷ್ಟವೂ ಇರಲಿಲ್ಲ.

ನಮ್ಮ ಮನೆ ಯಡಿಯೂರಿನಲ್ಲಿತ್ತು. ನನಗೆ ಮೂರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕನೇ ನನ್ನ ತಲೆ ಬಾಚುತ್ತಿದ್ದಳು, ಊಟ ಬಡಿಸುತ್ತಿದ್ದಳು. ದಿನಾ ಬೆಳಿಗ್ಗೆ ಬಾವಂಚಿ ಬೀಜ ಅರೆದು, ಆ ಕಪ್ಪು ಲೇಪವನ್ನು ನನ್ನ ಪಾದಗಳಿಗೆ ಹಚ್ಚಿ ಹಿತ್ತಲ ಬಿಸಿಲಿನಲ್ಲಿ ಕೂರಿಸುತ್ತಿದ್ದಳು. ಕಹಿ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಸೂಜಿ ಚುಚ್ಚಿದಂತೆ ಉರಿ ಶುರುವಾಗುತ್ತಿತ್ತು. ನಾನು ಅಳದಿರಲೆಂದು ಅಕ್ಕ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತ ಏನಾದರೂ ಕಥೆ ಹೇಳುತ್ತಿದ್ದಳು. ಆಮೇಲೆ ಕಾಲು ತೊಳೆದು ಬಿಳಿಯ ಕಾಲುಚೀಲ ಹಾಕುತ್ತಿದ್ದಳು. ಅದರ ಬಾಯಿ ಸಡಿಲವಾಗಿ ಜಾರುತ್ತಿದ್ದುದರಿಂದ ಮೇಲೆ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದಳು. ಶಾಲೆಗೂ ಕಾಲುಚೀಲ, ಅಂಗಡಿಗೂ ಕಾಲುಚೀಲ, ಕುಂಟೆಬಿಲ್ಲೆ ಆಡುವುದಕ್ಕೂ ಕಾಲುಚೀಲ. ಬೀದಿಯ ಮಕ್ಕಳು ನನ್ನನ್ನು ದೊರೆಸಾನಿ ಎಂದು ಕರೆಯುತ್ತಿದ್ದರು.

ಕಾಲುಚೀಲ ಬಿಚ್ಚಿ ಹೋಗುತ್ತಿದ್ದ ಜಾಗ ಒಂದೇ, ಕೆರೆಯ ಆಚೆಗಿದ್ದ ಈಶ್ವರನ ಗುಡಿ. ಗುಡಿಯ ವಿಷಯದಲ್ಲಿ ಅಪ್ಪ ಬಹಳ ಕಟ್ಟುನಿಟ್ಟು. ಸೊಂಟದ ಬೆಲ್ಟನ್ನು ಮನೆಯಲ್ಲೇ ಬಿಚ್ಚಿಟ್ಟು ಬರುತ್ತಿದ್ದರು. ಹೆಣ್ಣುಮಕ್ಕಳು ತಲೆಗೂದಲು ಬಿಟ್ಟುಕೊಂಡು ಬರಬಾರದು. ಕಾಲು ತೊಳೆಯದೆ ಹೊಸ್ತಿಲು ದಾಟಬಾರದು. ಗಂಟೆಯನ್ನು ಒಂದೇ ಸಲ ಬಾರಿಸಬೇಕು. ದೇವರಿಗೆ ಬೆನ್ನು ತಿರುಗಿಸಬಾರದು. ಪ್ರದಕ್ಷಿಣೆ ಬರುವಾಗ ತಲೆಯ ಮೇಲೆ ಎಣ್ಣೆಯ ಬಟ್ಟಲು ಇದೆಯೆಂದು ತಿಳಿದು ನಡೆಯಬೇಕು. ಗೊತ್ತಿಲ್ಲದವರು ಯಾರಾದರೂ ಚಪ್ಪಲಿ ಕಾಲಲ್ಲಿ ಮೆಟ್ಟಿಲು ಹತ್ತಿದರೆ ಅಪ್ಪ ಅವರ ಎದುರಿಗೇ ಹೋಗಿ ನಿಲ್ಲುತ್ತಿದ್ದರು. ನಮ್ಮನ್ನು ಮಾತ್ರ ಬೆಳಕು ಹರಿಯುವ ಮೊದಲೇ, ಅರ್ಚಕರು ಬಾಗಿಲು ತೆರೆಯುತ್ತಿದ್ದಂತೆ, ಕರೆದುಕೊಂಡು ಹೋಗಿ ಬಂದುಬಿಡುತ್ತಿದ್ದರು. ನನ್ನ ಲಂಗ ನೆಲ ಗುಡಿಸುವಷ್ಟು ಉದ್ದವಿತ್ತು. ಆ ಹೊತ್ತಿನಲ್ಲಿ ಕಲ್ಲು ಎಷ್ಟು ತಣ್ಣಗಿರುತ್ತಿತ್ತೆಂದರೆ ನನಗೆ ಪಾದಗಳು ಇರುವುದೇ ಅಲ್ಲಿ ಗೊತ್ತಾಗುತ್ತಿತ್ತು.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಕ್ಕನನ್ನು ನೋಡಲು ಒಂದು ಗಂಡಿನ ಕಡೆಯವರು ಬರುವುದೆಂದಾಯಿತು. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ. ಮನೆಯಲ್ಲಿ ಬೇಡ, ಗುಡಿಯಲ್ಲೇ ನೋಡೋಣ, ಮನೆಯವರೆಲ್ಲ ಬನ್ನಿ ಎಂದು ಹುಡುಗನ ತಾಯಿ ಹೇಳಿ ಕಳಿಸಿದ್ದರು. ಎಲ್ಲ ಎಂದರೆ ನಾನೂ ಬರಬೇಕಿತ್ತು.

ಹಿಂದಿನ ದಿನ ಸಂಜೆ ಅಕ್ಕ ಜಗಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಅವಳು ಖುಷಿಯಾಗಿದ್ದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಮೊದಲು ನೋಡಿರಲಿಲ್ಲ.

"ಮದುವೆ ಆದ್ಮೇಲೆ ನನಗೆ ಯಾರು ಔಷಧಿ ಹಚ್ತಾರೆ?" ಎಂದು ಕೇಳಿದೆ.

"ನೀನೇ ಹಚ್ಕೋತೀಯ. ದೊಡ್ಡವಳಾಗಿದ್ದೀಯಲ್ಲ."

"ನಾನು ದೇವ್ರ ಹತ್ರ ಕೇಳ್ಕೋತೀನಿ, ಅವರು ನೀನು ಬೇಡ ಅಂದುಬಿಡ್ಲಿ ಅಂತ."

ಅಕ್ಕ ನಕ್ಕು ನನ್ನ ಬೆನ್ನಿಗೆ ಒಂದು ಏಟು ಕೊಟ್ಟಳು. ಆ ಮಾತು ಅಲ್ಲಿಗೇ ಮುಗಿಯಿತೆಂದುಕೊಂಡೆ.

ಮರುದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಹೊರಟೆವು. ಅಕ್ಕ ಅಮ್ಮನ ಎಲೆಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಹೊರಡುವ ಮೊದಲು ಅಪ್ಪ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ರಬ್ಬರ್ ಬ್ಯಾಂಡನ್ನು ತಾವೇ ಎಳೆದು ನೋಡಿದರು. "ಇವತ್ತು ಗುಡೀಲೂ ಸಾಕ್ಸ್ ತೆಗೀಬೇಡ. ಯಾರಾದ್ರೂ ಕೇಳಿದ್ರೆ ಮುಳ್ಳು ಚುಚ್ಚಿದೆ ಅನ್ನು" ಎಂದರು. ಕಾಲುಚೀಲ ಹಾಕಿಕೊಂಡು ಗುಡಿಯೊಳಗೆ ಹೋಗುವುದು ಹೇಗೆಂದು ನಾನು ಅವರ ಮುಖ ನೋಡಿದೆ. ಅದು ತಪ್ಪೆಂದು ಹೇಳಿಕೊಟ್ಟವರೇ ಅಪ್ಪ.

ಗುಡಿಯ ಅಂಗಳದ ಕಲ್ಲುಗಳು ಕಾದಿದ್ದವು. ಎಲ್ಲರೂ ಒಂದು ಕಾಲೆತ್ತಿ ಒಂದು ಕಾಲಿಟ್ಟು ನೆರಳಿಗೆ ಓಡುತ್ತಿದ್ದರೆ ನಾನೊಬ್ಬಳು ನೆಟ್ಟಗೆ ನಡೆದೆ. ಹುಡುಗನ ತಾಯಿ ಮೊದಲೇ ಬಂದು ಕಂಬದ ಪಕ್ಕ ನಿಂತಿದ್ದರು. ದಪ್ಪಂಚಿನ ಸೀರೆ, ಸಣ್ಣ ದನಿ. ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿ, ತಾವು ತಂದಿದ್ದ ಒಂದು ಮೊಳ ಮಲ್ಲಿಗೆಯನ್ನು ತಾವೇ ಅವಳ ಜಡೆಗೆ ಮುಡಿಸಿದರು. ಹುಡುಗ ಅಕ್ಕನನ್ನು ನೋಡಿ, ಮತ್ತೆ ನೋಡಿ, ನಾಚಿಕೊಂಡು ಗಂಟೆಯ ಕಡೆ ತಿರುಗಿದ. ಅಪ್ಪನ ಮುಖ ಸಡಿಲವಾಯಿತು. ಆಗ ಆ ತಾಯಿಯ ಕಣ್ಣು ನನ್ನ ಮೇಲೆ ಬಿತ್ತು.

"ಏನು ಮಗು, ಕಾಲಿಗೆ ಏನದು?"

"ಮುಳ್ಳು ಚುಚ್ಚಿದೆ" ಎಂದು ಅಪ್ಪನೇ ಹೇಳಿದರು. ಗುಡಿಯಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಎರಡು ಕಾಲಿಗೂನಾ?" ಎಂದು ಆಕೆ ನಕ್ಕರು. ಆಮೇಲೆ ಮಗನ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ, "ನಮ್ಮಲ್ಲಿ ಎಳೆಮಗೂಗೂ ಗುಡಿ ಒಳಗೆ ಕಾಲುಚೀಲ ಹಾಕಲ್ಲಪ್ಪ. ಇರಲಿ, ತಾಯಿ ಇಲ್ಲದ ಮನೆ. ಸಾಕಿರೋದು ಅಕ್ಕ. ಅವಳಿಗೇ ಯಾರೂ ಹೇಳ್ಕೊಟ್ಟಿಲ್ಲದ್ದನ್ನ ಅವಳು ಇವಳಿಗೇನು ಹೇಳ್ಕೊಡ್ತಾಳೆ" ಎಂದರು.

ಅಕ್ಕನ ಕಿವಿ ಕೆಂಪಾಯಿತು. ಅವಳು ತಲೆ ತಗ್ಗಿಸಿದಳು. ನನಗೆ ಎಲ್ಲ ಹೇಳಿಕೊಟ್ಟವಳು ಅವಳು. ಗಂಟೆ ಎಷ್ಟು ಸಲ, ತೀರ್ಥಕ್ಕೆ ಕೈ ಹೇಗೆ, ಹೆಜ್ಜೆ ಹೇಗೆ, ಎಲ್ಲವೂ ನನಗೆ ಗೊತ್ತಿತ್ತು. ಅದನ್ನು ತೋರಿಸಬೇಕೆನಿಸಿತು. ಬಾಗಿಲ ಪಕ್ಕದ ಕಲ್ಲುತೊಟ್ಟಿಯ ಹತ್ತಿರ ಹೋದೆ. ರಬ್ಬರ್ ಬ್ಯಾಂಡ್ ಕಿತ್ತೆ. ಕಾಲುಚೀಲಗಳನ್ನು ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟು, ಅಕ್ಕ ಕಲಿಸಿದ ಹಾಗೆ ಹಿಮ್ಮಡಿಯೂ ನೆನೆಯುವಂತೆ ತಂಬಿಗೆಯಿಂದ ನೀರು ಹುಯ್ದುಕೊಂಡೆ. ನೀರು ತಣ್ಣಗಿತ್ತು. ಲಂಗ ನೆನೆಯಬಾರದೆಂದು ಅದನ್ನು ಸ್ವಲ್ಪ ಎತ್ತಿ ಹಿಡಿದಿದ್ದೆ.

ಅಪ್ಪ "ಏ" ಎಂದರು. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಹುಡುಗನ ತಾಯಿ ಕಿರುಚಲಿಲ್ಲ. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು, ನನ್ನ ಕಾಲಿನ ನೀರು ಹರಿದು ಬರುತ್ತಿದ್ದುದರಿಂದ. "ಎಷ್ಟು ದಿನದಿಂದ ಇದೆ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಡಾಕ್ಟರು ಹೇಳಿದ್ದನ್ನು ಹೇಳತೊಡಗಿದರು. ಆಕೆ ಕೇಳಿಸಿಕೊಳ್ಳುತ್ತಿರಲಿಲ್ಲ. "ನೀನು ಇಲ್ಲಿ ಬಾಮ್ಮ" ಎಂದು ಅಕ್ಕನನ್ನು ಕರೆದುಕೊಂಡು ಪ್ರದಕ್ಷಿಣೆಯ ದಾರಿಗೆ, ಗರ್ಭಗುಡಿಯ ಹಿಂದೆ ಹೋದರು. ಅಕ್ಕ ಹಿಡಿದಿದ್ದ ಹಣ್ಣುಕಾಯಿಯ ತಟ್ಟೆ ನನ್ನ ಕೈಗೆ ಬಂದಿತ್ತು. ಅದನ್ನು ಹಿಡಿದುಕೊಂಡು ನಾನೂ ಹಿಂದೆಯೇ ಹೋದೆ.

ಅಲ್ಲಿ ಆಕೆ ಅಕ್ಕನ ಬಳೆಗಳನ್ನು ಮೊಣಕೈಯವರೆಗೆ ಸರಿಸಿ ನೋಡಿದರು. ಜಡೆ ಎತ್ತಿ ಕತ್ತು ನೋಡಿದರು. ಕಿವಿಯ ಹಿಂದೆ ನೋಡಿದರು. "ಸೀರೆ ಎತ್ತು, ಮಂಡಿವರೆಗೂ" ಎಂದರು. ಅಕ್ಕ ಎತ್ತಿದಳು. ಅವಳು ಗೋಡೆಯ ಕಲ್ಲನ್ನು ನೋಡುತ್ತಿದ್ದಳು, ಅಲ್ಲಿ ಏನೋ ಬರೆದಿದೆ ಎನ್ನುವ ಹಾಗೆ. ಗುಡಿಯಲ್ಲಿ ತಲೆಗೂದಲೂ ಹಾರಾಡಬಾರದೆಂದು ನನಗೆ ಕಲಿಸಿದವಳು ದೇವರ ಬೆನ್ನ ಹಿಂದೆ ಸೀರೆ ಎತ್ತಿಕೊಂಡು ನಿಂತಿದ್ದಳು. ಅವಳ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಒಳಗೆ ಅರ್ಚಕರು ಮಂಗಳಾರತಿಯ ತಟ್ಟೆ ಹಿಡಿದು ಕಾಯುತ್ತಿದ್ದರು. ಯಾರೂ ಹೋಗಲಿಲ್ಲ. ಕರ್ಪೂರ ಉರಿದು ಆರಿತು.

"ಈಗಿಲ್ಲ. ಮುಂದೆ ಬರಲ್ಲ ಅಂತ ಯಾರು ಬರೆದುಕೊಡ್ತಾರೆ ಯಜಮಾನ್ರೇ?" ಎಂದು ಆಕೆ ಹೊರಗೆ ಬಂದು ಅಪ್ಪನಿಗೆ ಹೇಳಿದರು. "ಅದೂ ಮುಚ್ಚಿಟ್ಟು ಕರ್ಕೊಂಡು ಬಂದಿದ್ದೀರಿ. ದೇವ್ರ ಎದುರಿಗೆ."

ಅಪ್ಪ ಬಗ್ಗಿ ತೊಟ್ಟಿಯ ಪಕ್ಕದಲ್ಲಿದ್ದ ಕಾಲುಚೀಲಗಳನ್ನು ಎತ್ತಿ ಜೇಬಿಗೆ ತುರುಕಿಕೊಂಡರು. ಹುಡುಗ ತನ್ನ ಪಾದಗಳನ್ನೇ ನೋಡುತ್ತಿದ್ದ. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡ. ಅಕ್ಕ ಜಡೆಯ ಮಲ್ಲಿಗೆಯನ್ನು ತೆಗೆದು ಅವನ ತಾಯಿಗೆ ಕೊಡಲು ಹೋದಳು. "ಇಟ್ಕೋ ಪರವಾಗಿಲ್ಲ. ನೀನು ಮುಡಿದಿದ್ದನ್ನ ನಾವೇನು ಮಾಡೋದು" ಎಂದು ಆಕೆ ಹೊರಟರು. ಹೋಗುವಾಗ ನನ್ನ ಹೆಜ್ಜೆಯ ಒದ್ದೆ ಗುರುತುಗಳನ್ನು ತೋರಿಸಿ ಅರ್ಚಕರಿಗೆ, "ಇಲ್ಲೆಲ್ಲ ನೀರು ಹಾಕಿಸಿ ಸ್ವಾಮಿ" ಎಂದರು. ಅರ್ಚಕರು ಹಾಕಿಸಿದರು.

ಮನೆಯವರೆಗೆ ನಾನು ಬರಿಗಾಲಲ್ಲೇ ನಡೆದೆ. ಕಾಲುಚೀಲಗಳು ಅಪ್ಪನ ಜೇಬಿನಲ್ಲಿದ್ದವು, ಒಂದರ ತುದಿ ಹೊರಗೆ ಇಣುಕುತ್ತಿತ್ತು. ಕೆರೆಯ ಏರಿಯ ಮಣ್ಣು ಬೆಂಕಿಯಂತಿತ್ತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಮನೆಯ ಬಾಗಿಲಲ್ಲಿ ಒಂದೇ ಮಾತು ಹೇಳಿದರು. "ಇನ್ಮೇಲೆ ನೀನು ಗುಡಿಗೆ ಬರೋದು ಬೇಡ."

ಅಕ್ಕ ಸೀರೆ ಮಡಿಸಿಟ್ಟು ಅಡುಗೆ ಮಾಡಿದಳು. ನನಗೆ ಬಡಿಸಿದಳು. ನಾನು ಊಟ ಮಾಡುವಾಗ ಎದುರಿಗೆ ಕೂತು, ತುಂಬಾ ಮೆಲ್ಲಗೆ ಕೇಳಿದಳು. "ಬೇಕು ಅಂತಲೇ ಮಾಡ್ದೆ, ಅಲ್ವಾ? ನಾನು ಹೋಗಬಾರ್ದು ಅಂತ."

ಇಲ್ಲ ಎನ್ನಬೇಕಿತ್ತು. ನನ್ನ ಬಾಯಲ್ಲಿ ತುತ್ತು ಇತ್ತು. ನಿನಗಾದ ಅವಮಾನ ನೋಡಲಾಗಲಿಲ್ಲ, ಅದಕ್ಕೇ ಬಿಚ್ಚಿದೆ ಎಂದು ಹೇಳಬೇಕಿತ್ತು. ಆದರೆ ಅವರು ಬೇಡ ಅನ್ನಲಿ ಎಂದು ನಾನು ಹಿಂದಿನ ದಿನ ಹೇಳಿದ್ದೂ ನಿಜ, ಆ ಬೆಳಿಗ್ಗೆ ಗುಡಿಯ ಮೆಟ್ಟಿಲು ಹತ್ತುವಾಗ ದೇವರನ್ನು ಅದನ್ನೇ ಕೇಳಿಕೊಂಡಿದ್ದೂ ನಿಜ. ನಾನು ಸುಮ್ಮನಿದ್ದೆ. ಅಕ್ಕ ಅದನ್ನೇ ಉತ್ತರ ಎಂದುಕೊಂಡಳು. ಮಾರನೆಯ ಬೆಳಿಗ್ಗೆ ಬಾವಂಚಿ ಬೀಜದ ಡಬ್ಬಿ ಕಪಾಟಿನ ಮೇಲಿನ ಹಲಗೆಗೆ, ನನ್ನ ಕೈಗೆ ಎಟುಕದ ಎತ್ತರಕ್ಕೆ ಹೋಗಿತ್ತು. ಅವಳು ಮತ್ತೆಂದೂ ನನಗೆ ಔಷಧಿ ಹಚ್ಚಲಿಲ್ಲ.

ಎರಡು ವರ್ಷದ ನಂತರ ಅಕ್ಕನಿಗೆ ಬೇರೆ ಕಡೆ ಮದುವೆಯಾಯಿತು. ಆ ಸಂಬಂಧದವರು ನೋಡಲು ಬಂದ ದಿನ, ಮದುವೆಯ ದಿನ, ಎರಡು ಸಲವೂ ನನ್ನನ್ನು ಸುಬ್ರಹ್ಮಣ್ಯಪುರದಲ್ಲಿ ಒಬ್ಬ ನೆಂಟರ ಮನೆಗೆ ಕಳಿಸಿದ್ದರು. ಅವಳಿಗೆ ತಂಗಿಯೊಬ್ಬಳು ಇದ್ದಾಳೆಂದು ಅತ್ತೆಮನೆಯವರಿಗೆ ಗೊತ್ತಾದದ್ದು ಅವಳಿಗೆ ಮೊದಲ ಮಗು ಹುಟ್ಟಿದ ಮೇಲೆ. ಮದುವೆಯ ಫೋಟೋಗಳಲ್ಲಿ ನಾನಿಲ್ಲ.

ಈಗ ಅಕ್ಕನಿಗೆ ಎಂಬತ್ತು ದಾಟಿದೆ. ನಮ್ಮಿಬ್ಬರ ಮನೆಗಳೂ ಜೆ.ಪಿ. ನಗರದಲ್ಲೇ ಇವೆ. ಹಬ್ಬಕ್ಕೆ ಹೋಗಿ ಬರುತ್ತೇವೆ, ಹುಳಿಪುಡಿ ಕೊಟ್ಟು ಕಳಿಸುತ್ತೇವೆ. ಆ ದಿನದ ಮಾತನ್ನು ಇಬ್ಬರೂ ಎತ್ತಿಲ್ಲ.

ನನ್ನ ಮೊಮ್ಮಗ, ಮೊಮ್ಮಗಳು ನನ್ನ ಪಾದಗಳನ್ನು ನೋಡುತ್ತಲೇ ಬೆಳೆದವರು. ಚಿಕ್ಕವರಿದ್ದಾಗ ಆ ಬಿಳಿಯ ಅಂಚಿನಗುಂಟ ಕ್ರೇಯಾನ್ ಎಳೆದು, ಇದು ಸಮುದ್ರ, ಇದು ನೆಲ ಎಂದು ಆಡುತ್ತಿದ್ದರು. ಅವರಿಗೆ ಅದು ಅಜ್ಜಿಯ ಕಾಲು, ಅಷ್ಟೆ. ಹೊರಗೆ ಹೋಗುವಾಗ ನಾನು ಈಗಲೂ ಕಾಲುಚೀಲ ಹಾಕುತ್ತೇನೆ. ಶೀತಕ್ಕೆಂದು ಅವರು ತಿಳಿದುಕೊಂಡಿದ್ದಾರೆ.

ಮೊನ್ನೆ ಭಾನುವಾರ ಮೊಮ್ಮಕ್ಕಳು ನನ್ನನ್ನೂ ಅಕ್ಕನನ್ನೂ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಬಾಗಿಲಲ್ಲಿ ದೊಡ್ಡ ಬೋರ್ಡು ಇತ್ತು. ಚಡ್ಡಿ ಹಾಕುವಂತಿಲ್ಲ, ತೋಳಿಲ್ಲದ ಅಂಗಿ ಹಾಕುವಂತಿಲ್ಲ, ಕಾಲುಚೀಲ ಹಾಕುವಂತಿಲ್ಲ, ಮೊಬೈಲ್ ಬಳಸುವಂತಿಲ್ಲ. ಮೊಮ್ಮಗ ಮಂಡಿಯವರೆಗಿನ ಚಡ್ಡಿಯಲ್ಲಿ ಬಂದಿದ್ದ. ಅಲ್ಲಿದ್ದ ಕಾರ್ಯಕರ್ತ ಗದರಲಿಲ್ಲ. ಒಂದು ಪಂಚೆ ಕೊಟ್ಟು, "ಇದನ್ನ ಸುತ್ಕೋ ಮಗಾ, ಹೋಗುವಾಗ ವಾಪಸ್ ಇಟ್ಟು ಹೋಗು" ಎಂದ. ಮೊಮ್ಮಗ ಸುತ್ತಿಕೊಂಡು, ತಂಗಿಯ ಕೈಯಲ್ಲಿ ಫೋಟೋ ತೆಗೆಸಿಕೊಂಡು, ನನ್ನ ಕಡೆ ತಿರುಗಿದ.

"ಅಜ್ಜಿ, ಸಾಕ್ಸ್ ತೆಗಿ."

"ಇರಲಿ ಬಿಡೋ" ಎಂದಳು ಅಕ್ಕ, ತಟ್ಟನೆ. "ಅವಳು ಹಾಕ್ಕೊಂಡೇ ಬರಲಿ."

"ಬೋರ್ಡಲ್ಲಿದೆ ದೊಡ್ಡಜ್ಜಿ. ನನಗೆ ಪಂಚೆ ಸುತ್ತಿಸಿಲ್ವಾ? ರೂಲ್ಸ್ ಅಂದ್ರೆ ಎಲ್ರಿಗೂ ರೂಲ್ಸ್."

ನಾನು ಕಟ್ಟೆಯ ಮೇಲೆ ಕೂತು ಕಾಲುಚೀಲ ಬಿಚ್ಚಿದೆ. ಮೊಮ್ಮಗಳು ನಲ್ಲಿ ತಿರುಗಿಸಿ ನನ್ನ ತೋಳು ಹಿಡಿದುಕೊಂಡಳು. ನೀರು ಪಾದಗಳ ಮೇಲೆ ಬಿದ್ದಾಗ ನಾನು ತಲೆಯೆತ್ತಿ ನೋಡಿದೆ. ಅಕ್ಕ ಸುತ್ತ ಯಾರಿದ್ದಾರೆಂದು ಕಣ್ಣಾಡಿಸಿ, ಕೋಲೂರಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿ, ಗೋಪುರ ನೋಡುತ್ತ ನಿಂತಳು. ಕಾರ್ಯಕರ್ತ ಅವಳ ಹತ್ತಿರ ಹೋಗಿ, "ವಯಸ್ಸಾದವರಿಗೆ ಬೇರೆ ಸಾಲಿದೆ ಅಮ್ಮ. ನಿಮ್ಮ ಜೊತೆ ಯಾರಿದ್ದಾರೆ?" ಎಂದು ಕೇಳಿದ.

"ಯಾರೂ ಇಲ್ಲ. ಒಬ್ಬಳೇ ಬಂದಿದ್ದೀನಿ" ಎಂದಳು ಅಕ್ಕ.

ಮಕ್ಕಳಿಬ್ಬರೂ ಗೊಳ್ಳೆಂದು ನಕ್ಕರು. "ದೊಡ್ಡಜ್ಜಿಗೆ ಮರೆವು ಶುರುವಾಯ್ತು" ಎನ್ನುತ್ತ ಮೊಮ್ಮಗ ಪಂಚೆ ಎತ್ತಿಕೊಂಡು ಅವಳ ಕೈ ಹಿಡಿಯಲು ಓಡಿದ. ನನ್ನ ಕಾಲದಲ್ಲಾಗಿದ್ದರೆ ಆ ಅಂಗಳದಲ್ಲಿದ್ದ ಯಾವ ಮಗುವಿಗೂ ಅವಳ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಮಕ್ಕಳಿಗೆ ಮರೆವಲ್ಲದೆ ಬೇರೆ ಕಾರಣ ಹೊಳೆಯಲೇ ಇಲ್ಲ. ನಾನು ಒದ್ದೆ ಪಾದಗಳಲ್ಲಿ ಅವರ ಹಿಂದೆ ನಡೆದೆ. ಹೆಜ್ಜೆಯ ಗುರುತುಗಳು ಕಲ್ಲಿನ ಮೇಲೆ ಹಾಗೆಯೇ ಉಳಿದವು. ಅವುಗಳ ಮೇಲೆ ಯಾರೂ ನೀರು ಹಾಕಿಸಲಿಲ್ಲ.