ಪೀಪಾಯಿ ಓಬೆಡ್ ಕೂಗಿದ ಹೆಸರು

ಓಬೆಡ್ ಲಾರಿಮೋರ್‌ನನ್ನು ನಾನು ಮೊದಲು ನೋಡಿದ್ದು ೧೮೨೮ರ ಶರತ್ಕಾಲದಲ್ಲಿ, ಕೆಂಟಕಿಯ ನಮ್ಮ ಊರಿನ ಹೊಳೆದಂಡೆಯಲ್ಲಿ. ಮೇಷ್ಟ್ರ ಕೆಲಸಕ್ಕೆಂದು ಬಂದು ದೋಣಿಯಿಂದ ಇಳಿಯುತ್ತಿದ್ದೆ. ಅವನು ಓಕ್ ಹಲಗೆಗಳನ್ನು ದುಂಡಗೆ ನಿಲ್ಲಿಸಿ, ಪೀಪಾಯಿಗೆ ಕಬ್ಬಿಣದ ಬಳೆ ಬಡಿಯುತ್ತಿದ್ದ. ನಾಲ್ಕು ಏಟು ಬಡಿಯುವನು, ಎದ್ದು ರಸ್ತೆ ನೋಡುವನು, ಮತ್ತೆ ಕೂರುವನು. ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಟೋಪಿಯಲ್ಲಿ ಹಿಕರಿ ಮರದ ಎಲೆ. ಅದು ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜನರಲ್ ಜಾಕ್ಸನ್ ಕಡೆಯವರ ಗುರುತು.

"ಮೇಷ್ಟ್ರೇ, ನೀವು ಯಾರ ಕಡೆ?" ಹೆಸರು ಕೇಳುವ ಮೊದಲೇ ಕೇಳಿದ.

"ಇನ್ನೂ ಪೆಟ್ಟಿಗೇನೇ ಇಳಿಸಿಲ್ಲ ಕಣಯ್ಯಾ."

"ಇಳಿಸೋದ್ರೊಳಗೆ ಯೋಚ್ನೆ ಮಾಡಿ. ಈ ಸಲ ನಮ್ಮಂಥೋರ ಸಲ."

ಅವನು ಪೀಪಾಯಿ ಮಾಡುವ ಕೊಟ್ಟಿಗೆ, ಅದರ ಹಿಂದಿನ ಮನೆ ಎರಡೂ ಗಿರಣಿ ಮಾಲೀಕ ಹ್ಯಾಸ್ಕೆಟ್‌ನವು. ಹ್ಯಾಸ್ಕೆಟ್ ಅಧ್ಯಕ್ಷ ಆಡಮ್ಸ್ ಕಡೆಯವನು. ನಮ್ಮಲ್ಲಿ ಗುಟ್ಟಿನ ಮತವಿಲ್ಲ. ಕೋರ್ಟಿನಲ್ಲಿ ಎಲ್ಲರೆದುರು ನಿಂತು ಹೆಸರು ಕೂಗಬೇಕು. ಹ್ಯಾಸ್ಕೆಟ್ ಮತ ಬರೆದುಕೊಳ್ಳುವ ಗುಮಾಸ್ತನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ.

"ನಿಂಗೆ ವೋಟಿದೆ, ನಂಗಿರೋದು ಈ ಸೂರೊಂದೇ" ಎಂದಳು ಓಬೆಡ್‌ನ ಹೆಂಡತಿ ಟ್ಯಾಮ್ಸಿನ್. "ಜ್ವರ ಅಂತ ಮಲ್ಕೊಂಡ್ಬಿಡು."

"ನಾನು ಮಲಗಿದ್ದನ್ನ ಈ ಊರಲ್ಲಿ ಯಾರೇ ನೋಡಿದಾರೆ? ಯಾರೂ ನಂಬಲ್ಲ."

ಮತದಾನ ಶುರುವಾದ ಬೆಳಿಗ್ಗೆ ಕೋರ್ಟಿನ ಅಂಗಳದಲ್ಲಿ ಎರಡೂ ಪಕ್ಷದವರು ವಿಸ್ಕಿ ಇಟ್ಟಿದ್ದರು. ಯಾರ ವಿಸ್ಕಿ ಕುಡಿದರೆ ಅವರ ಹೆಸರು ಕೂಗುವುದು ಇಲ್ಲಿಯ ರೂಢಿ. ಪೀಪಾಯಿಗಳೆಲ್ಲ ಓಬೆಡ್ ಮಾಡಿದವೇ. ಹ್ಯಾಸ್ಕೆಟ್‌ನ ಆಳು ಹೊಸದೊಂದಕ್ಕೆ ನಲ್ಲಿ ಬಡಿದದ್ದೇ ತಡ, ಓಬೆಡ್ ಲೋಟ ಹಿಡಿದು ಮೊದಲ ಗುಟುಕು ಕುಡಿದುಬಿಟ್ಟ. ಮರದ ಒಗರು ಇಳಿದಿದೆಯೇ ಎಂದು ನೋಡುವ ಕಸುಬಿನ ಅಭ್ಯಾಸ ಅದು. ನುಂಗಿದ ಮೇಲಷ್ಟೇ ಅದು ಯಾರ ವಿಸ್ಕಿಯೆಂದು ಅವನಿಗೆ ಹೊಳೆಯಿತು.

"ಒಗರಿದ್ಯೇನೋ ಓಬೆಡ್?" ಯಾರೋ ಕೇಳಿದರು. ಅಂಗಳವೆಲ್ಲ ನಕ್ಕಿತು.

"ಜನರಲ್ನ ಒಂದು ಲೋಟಕ್ಕೆ ಮಾರ್ದ" ಎಂದು ಅವನ ಕಡೆಯವರೇ ಮುಖ ತಿರುಗಿಸಿದರು.

ಹ್ಯಾಸ್ಕೆಟ್ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಒಳ್ಳೇದೇ ಆಯ್ತು ಬಿಡು. ಕುಡಿದ ಋಣಕ್ಕೆ ಕೂಗ್ದೆ ಅನ್ನು. ಯಾರೂ ನಿನ್ನ ತಪ್ಪು ತಿಳಿಯಲ್ಲ. ಮನೇನೂ ಉಳಿಯುತ್ತೆ."

ಮಾತು ನಿಜವೇ ಆಗಿತ್ತು. ಅದಕ್ಕೇ ಓಬೆಡ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾಲಿನಲ್ಲಿ ನಿಲ್ಲುವನು, ಬಾಗಿಲು ಹತ್ತಿರವಾದಂತೆ ಹೊರಗೆ ನಡೆಯುವನು. ಮೂರು ದಿನದ ಮತದಾನದಲ್ಲಿ ಎರಡು ದಿನ ಹೀಗೇ ಕಳೆಯಿತು. ರಾತ್ರಿಯೆಲ್ಲ ಅವನ ಕೊಟ್ಟಿಗೆಯಿಂದ ಬಿಡುವಿಲ್ಲದೆ ಸುತ್ತಿಗೆಯ ಸದ್ದು ಬರುತ್ತಿತ್ತು.

ಕೊನೆಯ ಮಧ್ಯಾಹ್ನ ಅವನು ಕಂಕುಳಲ್ಲಿ ಸಣ್ಣದೊಂದು ಹೊಸ ಪೀಪಾಯಿ ಹಿಡಿದು ಬಂದ. ನಾನೂ ಸಾಲಿನಲ್ಲಿದ್ದೆ. ಷೆರೀಫ್ ಕೇಳಿದ: "ಓಬೆಡ್ ಲಾರಿಮೋರ್, ನಿನ್ನ ಮತ ಯಾರಿಗೆ?"

ಓಬೆಡ್ ಪೀಪಾಯಿಯನ್ನು ಹ್ಯಾಸ್ಕೆಟ್‌ನ ಮುಂದಿಟ್ಟ. "ನಿಮ್ಮ ಲೋಟಕ್ಕೆ ಇದು, ಧಣಿ. ಋಣ ತೀರ್ತು." ಆಮೇಲೆ ಷೆರೀಫನ ಕಡೆ ತಿರುಗಿ ಕೂಗಿದ: "ಜನರಲ್ ಜಾಕ್ಸನ್."

ಹ್ಯಾಸ್ಕೆಟ್ ಪೀಪಾಯಿಯನ್ನು ತಿರುಗಿಸಿ ನೋಡಿದ. "ಕೆಲಸ ಚೆನ್ನಾಗಿದೆ" ಎಂದ. "ಭಾನುವಾರದೊಳಗೆ ಜಾಗ ಖಾಲಿ ಮಾಡು."

ನಾನು ಅವನ ಜೊತೆ ಮನೆವರೆಗೆ ನಡೆದೆ. ಟ್ಯಾಮ್ಸಿನ್ ಆಗಲೇ ಪಾತ್ರೆ ಕಟ್ಟುತ್ತಿದ್ದಳು.

"ಯಾರು ಹೇಳಿದ್ರು?" ಎಂದ ಓಬೆಡ್.

"ನೀನೇ. ಬಾವಿಕಟ್ಟೆವರೆಗೂ ಕೇಳಿಸ್ತು."

ಜನರಲ್ ಗೆದ್ದರು. ಓಬೆಡ್ ಈಗ ಹೊಳೆಯಾಚೆ ಬಾಡಿಗೆ ಕೊಟ್ಟಿಗೆಯಲ್ಲಿ ಪೀಪಾಯಿ ಮಾಡುತ್ತಾನೆ. ಚುನಾವಣೆ ಬಂದಾಗ, ಜನರಲ್ ಪಕ್ಷದ ಪರವಾಗಿ ಗುಮಾಸ್ತನ ಪಕ್ಕದ ಕುರ್ಚಿಯಲ್ಲಿ ಕೂತು, ಯಾರು ಯಾವ ಹೆಸರು ಕೂಗುತ್ತಾರೆಂದು ಕೇಳಿಸಿಕೊಳ್ಳುತ್ತಾನೆ.